ಹಿಂದೂಸ್ತಾನಿ ಕಲಿತ ಕೈಗೆ ಸೆತಾರ್: ಮುಂಬೈ, ಪುಣೆ, ಗೋವಾದಲ್ಲಿದ್ದುಕೊಂಡೇ ಇರಾನಿ ಸಂಗೀತ ಕಲಿಯುವ ಬಗೆ

ಧಾರವಾಡ, ಹುಬ್ಬಳ್ಳಿ, ಗದಗ ಕಡೆಯಿಂದ ಬಂದು ಮುಂಬೈ–ಪುಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹಿಂದೂಸ್ತಾನಿ ಕಲಿತವರು ಕಡಿಮೆ ಇಲ್ಲ. ಇವರಲ್ಲಿ ಯಾರಾದರೂ ಇರಾನಿ ಶಾಸ್ತ್ರೀಯ ಸಂಗೀತಕ್ಕೆ ಕೈಹಾಕಿದರೆ ಮೊದಲ ತಿಂಗಳು ಎಲ್ಲ ಸಲೀಸು ಅನ್ನಿಸುತ್ತದೆ. ಅಲ್ಲಿಯ ಮಾಹೂರ್ ಅಂದರೆ ನಮ್ಮ ಬಿಲಾವಲ್ ರಾಗ, ಚಹಾರ್‌ಗಾಹ್ ಅಂದರೆ ಭೈರವ ಎಂದು ಲೆಕ್ಕ ಹಾಕಿ, ತಾನ್‌ಪುರಾ ಆ್ಯಪ್ ಹಚ್ಚಿ, ಆಲಾಪ ಶುರು ಮಾಡಿಬಿಡುತ್ತಾರೆ. ಇರಾನಿನವರು ಯಾರಾದರೂ ಕೇಳಿದರೆ ಮರ್ಯಾದೆಗೆ ತಲೆದೂಗುತ್ತಾರೆ, ಅಷ್ಟೆ. ಸ್ವರ ತಪ್ಪಿರುವುದಿಲ್ಲ, ದಾರಿಯೇ ಬೇರೆಯಾಗಿರುತ್ತದೆ. ಸ್ವರ ಸ್ವರವಾಗಿ ರಾಗ ಹಿಗ್ಗಿಸುವ ನಮ್ಮ ಬಢತ್ತಿನ ಅಭ್ಯಾಸ, ಸದಾ ಮೊಳಗುವ ಸಾ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಈ ಮೂರನ್ನೂ ಸ್ವಲ್ಪ ಕಾಲ ಬದಿಗಿಡದೆ ಈ ಸಂಗೀತ ಕೈಗೆ ಹತ್ತುವುದಿಲ್ಲ.

ಸ್ವರಜ್ಞಾನ, ಲಯಜ್ಞಾನ ಇದ್ದು ದಿನಕ್ಕೊಂದು ಗಂಟೆ ಬಿಡುವು ಮಾಡಿಕೊಳ್ಳಬಲ್ಲವರಿಗಾಗಿ ಇದನ್ನು ಬರೆದಿದೆ. ಕಲಿಯುವ ವಾದ್ಯ ಸೆತಾರ್: ನಾಲ್ಕು ತಂತಿಯ ಇರಾನಿ ವಾದ್ಯ, ನಮ್ಮ ಸಿತಾರ್ ಅಲ್ಲ. ಫಾರ್ಸಿ ಬರಲೇಬೇಕೆಂದಿಲ್ಲ, ಅಕ್ಷರ ಗುರುತಿಸುವಷ್ಟು ಕಲಿತರೆ ಸಾಕು, ಉಳಿದದ್ದು ಹಾಡಿನ ಜತೆಗೇ ಬರುತ್ತದೆ.

ದಸ್ತ್‌ಗಾಹ್ ಅಂದರೆ ಏನು ಕಲಿಯಬೇಕು

ದಸ್ತ್‌ಗಾಹ್‌ಗಳು 7: ಶೂರ್, ಸೆಗಾಹ್, ಚಹಾರ್‌ಗಾಹ್, ಮಾಹೂರ್, ಹೊಮಾಯೂನ್, ನವಾ, ರಾಸ್ತ್–ಪಂಜ್‌ಗಾಹ್. ಇವುಗಳಿಂದ ಕವಲೊಡೆದ ಆವಾಜ್‌ಗಳು 5: ಅಬು–ಅತಾ, ದಶ್ತಿ, ಅಫ್ಶಾರಿ, ಬಯಾತೆ ತೋರ್ಕ್ ಇವು ನಾಲ್ಕು ಶೂರ್‌ನ ಮಕ್ಕಳು, ಬಯಾತೆ ಎಸ್ಫಹಾನ್ ಹೊಮಾಯೂನ್‌ನದು.

ದಸ್ತ್‌ಗಾಹ್ ಅನ್ನು ರಾಗ ಅಂದುಕೊಂಡರೆ ಅಲ್ಲೇ ಎಡವುತ್ತೇವೆ. ಅದು ಗೂಶೆ ಎಂಬ ಚಿಕ್ಕ ಚಿಕ್ಕ ರಾಗಖಂಡಗಳ ಒಂದು ಸಾಲು. ಒಂದೊಂದು ಗೂಶೆಗೂ ಹೆಸರುಂಟು, ತನ್ನದೇ ವ್ಯಾಪ್ತಿಯುಂಟು, ತನ್ನದೇ ಮುಖ್ಯ ಸ್ವರವುಂಟು. ಮೊದಲು ಬರುವುದು ದರಾಮದ್. ಅಲ್ಲಿಂದ ಒಂದೊಂದೇ ಗೂಶೆ ಮೇಲೇರುತ್ತ ಹೋಗಿ, ಫೊರೂದ್ ಎಂಬ ಇಳಿಜಾರಿನಲ್ಲಿ ಮತ್ತೆ ದರಾಮದ್‌ನ ನೆಲೆಗೆ ಬಂದು ನಿಲ್ಲುತ್ತದೆ. ಮಾಹೂರ್‌ನಲ್ಲಿ ದರಾಮದ್, ದಾದ್, ಖೊಸ್ರವಾನಿ, ದೆಲ್ಕಶ್, ಶೆಕಸ್ತೆ ಹೀಗೆ ಸಾಗಿ ಕೊನೆಯ ಭಾಗದಲ್ಲಿ ರಾಕ್ ಬರುತ್ತದೆ. ಆ ರಾಕ್‌ಗಳಲ್ಲಿ ಒಂದರ ಹೆಸರೇ ರಾಕೆ ಹೆಂದಿ, ಇನ್ನೊಂದು ರಾಕೆ ಕಶ್ಮೀರ್. ನಮ್ಮವರು ಇಲ್ಲಿಂದಲೇ ಶುರು ಮಾಡಲು ಆಸೆಪಡುತ್ತಾರೆ. ಬೇಡ, ಅದಕ್ಕೆ ಮುಂಚಿನದೆಲ್ಲ ಕೈಗೆ ಬಂದ ಮೇಲೆ ಬಾರಿಸುವ ಗೂಶೆ ಅದು.

ಈ ಗೂಶೆಗಳ ಒಟ್ಟು ಭಂಡಾರಕ್ಕೆ ರದೀಫ್ ಎಂದು ಹೆಸರು. ತಾರ್ (ಇದೂ ಇರಾನಿನ ತಂತಿವಾದ್ಯವೇ) ಮತ್ತು ಸೆತಾರ್‌ಗೆ ಇಂದು ಎಲ್ಲರೂ ಆಧಾರವಾಗಿ ಹಿಡಿಯುವುದು ಮಿರ್ಜಾ ಅಬ್ದೊಲ್ಲಾ (1843–1918) ಅವರ ರದೀಫ್. ಅದರಲ್ಲಿ ಸುಮಾರು 250 ಗೂಶೆಗಳಿವೆ. ಅದನ್ನು ಮುಂದಿನವರಿಗೆ ದಾಟಿಸಿದವರಲ್ಲಿ ನೂರ್ ಅಲಿ ಬೊರೂಮಂದ್ ಮುಖ್ಯರು. ಅವರು ನುಡಿಸಿದ ಧ್ವನಿಮುದ್ರಣ ಸಿಗುತ್ತದೆ, ಅದನ್ನು ಆಧರಿಸಿದ ಸ್ವರಲಿಪಿಯೂ ಅಚ್ಚಾಗಿದೆ. ಹಾಡುವವರಿಗೆ ಅಬ್ದೊಲ್ಲಾ ದವಾಮಿ ಮತ್ತು ಮಹಮೂದ್ ಕರೀಮಿ ಅವರ ಗಾಯನ ರದೀಫ್‌ಗಳಿವೆ. 2009ರಲ್ಲಿ ಯುನೆಸ್ಕೊ ರದೀಫನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೂರು ಪಾರಿಭಾಷಿಕ ಪದ ತಿಳಿದಿದ್ದರೆ ಉಸ್ತಾದರ ಪಾಠ ಅರ್ಧ ಅರ್ಥವಾದಂತೆ. ಶಾಹೆದ್ ಅಂದರೆ ಆ ಗೂಶೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಸ್ವರ, ನಮ್ಮ ವಾದಿಗೆ ಹತ್ತಿರ. ಈಸ್ತ್ ಅಂದರೆ ನಿಲ್ಲುವ ಸ್ವರ, ನ್ಯಾಸದ ಹಾಗೆ. ಮೊತಗಯ್ಯೆರ್ ಎಂಬುದಕ್ಕೆ ನಮ್ಮಲ್ಲಿ ಸರಿಸಾಟಿ ಇಲ್ಲ: ಏರುವಾಗ ಒಂದು ಎತ್ತರ, ಇಳಿಯುವಾಗ ಸ್ವಲ್ಪ ತಗ್ಗು, ಹೀಗೆ ಜಾಗ ಬದಲಿಸುವ ಸ್ವರ. ದಶ್ತಿಯಲ್ಲಿ ಶೂರ್‌ನ ಪಂಚಮವೇ ಶಾಹೆದ್, ಅದೇ ಮೊತಗಯ್ಯೆರ್ ಕೂಡ. ಪಂಚಮ ಅಂದರೆ ಅಚಲ ಎಂದು ನಂಬಿ ಬೆಳೆದ ಕಿವಿಗೆ ಇದು ಒಗ್ಗಲು ತಿಂಗಳುಗಳೇ ಬೇಕು.

ಯಾವ ವಾದ್ಯ

ಕರಾವಳಿಯಲ್ಲಿ ಇರುವವರು ಸೆತಾರ್ ಹಿಡಿಯುವುದೇ ಒಳ್ಳೆಯದು. ತಾರ್‌ನ ನಾದ ಗಟ್ಟಿ, ಚೆಂದ. ಆದರೆ ಅದರ ಮುಖಕ್ಕೆ ಹೊದಿಸಿರುವುದು ಕುರಿಮರಿಯ ತೆಳು ಚರ್ಮ. ಜೂನ್ ಹಿಡಿಯುತ್ತಿದ್ದಂತೆ ಮುಂಬೈ, ಗೋವಾದ ತೇವಕ್ಕೆ ಅದು ಸಡಿಲುತ್ತದೆ, ತಂತಿ ಹೊರುವ ಕುದುರೆ ಕುಸಿಯುತ್ತದೆ, ತಂತಿ ಮೆಟ್ಟಿಗೆ ತಾಗಿ ಕಿರಗುಟ್ಟುತ್ತದೆ. ಹೊಸ ಚರ್ಮ ಹೊದಿಸುವವರು ಇಲ್ಲಿ ಸಿಗುವುದು ಕಷ್ಟ. ಕಮಾನಿನಿಂದ ನುಡಿಸುವ ಕಮಾನ್‌ಚೆಗೂ ಇದೇ ಚರ್ಮದ ಗೋಳು.

ಸಂತೂರ್ ನುಡಿಸುವವರಿಗೆ ಇರಾನಿ ಸಂತೂರ್ ಸುಲಭ ಎಂಬ ನಂಬಿಕೆ ಇದೆ. ಅದರಲ್ಲಿ 72 ತಂತಿ, ಎರಡೂ ಬದಿಗೆ ಒಂಬತ್ತೊಂಬತ್ತರಂತೆ 18 ಕುದುರೆ, ಕುದುರೆಗೆ 4 ತಂತಿ. ಕೋಲು ನಮ್ಮದಕ್ಕಿಂತ ಹಗುರ, ಜಾರಿಸುವ ಮೀಂಡ್ ಇಲ್ಲ. ದಸ್ತ್‌ಗಾಹ್ ಬದಲಾದರೆ ಒಂದೊಂದು ಸ್ವರಕ್ಕೂ ನಾಲ್ಕು ತಂತಿ ಮತ್ತೆ ಕೂಡಿಸಬೇಕು, ಅಷ್ಟಕ್ಕೇ ರಿಯಾಜಿನ ಸಮಯ ಮುಗಿಯುತ್ತದೆ. ನೇಯ್ ಎಂಬ ಬಿದಿರಿನಂಥ ಕೊಳಲನ್ನು ಹಲ್ಲುಗಳ ನಡುವೆ ಇಟ್ಟು ಊದುತ್ತಾರೆ. ಗುರುಗಳು ಎದುರಿಗೆ ಇಲ್ಲದೆ ಅದರಲ್ಲಿ ನಾದ ಬರಿಸುವುದೇ ಆರು ತಿಂಗಳ ಕೆಲಸ.

ಸೆತಾರ್ ಅಂದರೆ ಹಿಪ್ಪುನೇರಳೆ ಮರದ ತೆಳು ಪಟ್ಟಿಗಳನ್ನು ಅಂಟಿಸಿ ಮಾಡಿದ ಪುಟ್ಟ ಕೊಡ, ಉದ್ದನೆಯ ದಂಡಿ, ನಾಲ್ಕು ತಂತಿ, ಕಟ್ಟಿದ 25ರಿಂದ 28 ಮೆಟ್ಟು. ತೂಕವೇ ಇಲ್ಲ. ನಾದ ಎಷ್ಟು ಮೆತ್ತಗೆಂದರೆ ಗೋಡೆಯಾಚೆ ಇರುವ ನೆರೆಯವರಿಗೂ ಕೇಳಿಸದು. ಒಂದೇ ಕೋಣೆಯ ಮನೆಯಲ್ಲಿ ಇರುವವರಿಗೆ ಇದು ಸಣ್ಣ ಮಾತಲ್ಲ. ಆದರೆ ವಿರಾರ್ ಲೋಕಲ್‌ನಲ್ಲಿ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೋಗಬೇಡಿ. ಅದರ ಮುಖದ ಹಲಗೆ ಒಂದು ಮೊಣಕೈ ತಾಗಿದರೂ ಸೀಳುವಷ್ಟು ತೆಳು. ಗಟ್ಟಿ ಪೆಟ್ಟಿಗೆ ಬೇಕೇ ಬೇಕು.

ಕೊಳ್ಳುವಾಗ ನೋಡಬೇಕಾದದ್ದು ಮೂರು. ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೇರವಾಗಿದೆಯೇ ನೋಡಿ. ಕಮಾನಿನಂತೆ ಬಾಗಿದ್ದರೆ ಬಿಟ್ಟುಬಿಡಿ. ಕೊಡದ ಪಟ್ಟಿಗಳು ಕೂಡುವ ಗೆರೆಗಳ ಮೇಲೆ ಬೆರಳಿನಿಂದ ತಟ್ಟುತ್ತ ಹೋಗಿ. ಎಲ್ಲಾದರೂ ಸತ್ತ ಸದ್ದು ಬಂದರೆ ಅಂಟು ಬಿಟ್ಟಿದೆ. ಮೂರನೆಯದು ಬಿರಡೆ: ತಿರುಗಿಸಿ ಕೈಬಿಟ್ಟರೆ ಅಲ್ಲೇ ನಿಲ್ಲಬೇಕು. ಇದ್ದಕ್ಕಿದ್ದಂತೆ ಜಾರುವ ಬಿರಡೆಗೆ ಸುಣ್ಣದ ಕಡ್ಡಿಯ ಪುಡಿ, ಬಿಗಿದುಕೊಂಡ ಬಿರಡೆಗೆ ಸೀಸದಕಡ್ಡಿಯ ಮಸಿ ಸವರಿದರೆ ಸರಿಹೋಗುತ್ತದೆ. ಮುಂಬೈಯಲ್ಲಿ ಮಳೆಗಾಲಕ್ಕೆ ಬಿಗಿಯುವುದು, ಪುಣೆಯಲ್ಲಿ ಏಪ್ರಿಲ್ ಒಣಹವೆಗೆ ಜಾರುವುದು ಎರಡೂ ಮಾಮೂಲು.

ವಿಮಾನದಲ್ಲಿ ತರಿಸುವುದಾದರೆ ತಂತಿಗಳನ್ನು ಎರಡು ಮೂರು ಸ್ವರದಷ್ಟು ಇಳಿಸಿ. ಪೂರ್ತಿ ಸಡಿಲಿಸಿದರೆ ಕುದುರೆ ಉರುಳಿ ಮುಖದ ಹಲಗೆಗೆ ಗಾಯ ಮಾಡುತ್ತದೆ.

ತಂತಿ, ಮೆಟ್ಟು, ಉಗುರು

ರೂಢಿಯ ಶ್ರುತಿ ಹೀಗೆ: 1ನೇ ತಂತಿ ಸಾ, 2ನೇ ತಂತಿ ಕೆಳಗಿನ ಪ, 3ನೇದು ಮೊದಲಿನದಕ್ಕೆ ಸಮನಾದ ಸಾ, 4ನೇದು ಮಂದ್ರ ಸಾ. ಸಾ ಅಂದರೆ ಹಾರ್ಮೋನಿಯಂನ ಬಿಳಿ ಒಂದು. 2 ಮತ್ತು 4ನೇ ತಂತಿಗಳನ್ನು ದಸ್ತ್‌ಗಾಹ್‌ಗೆ ತಕ್ಕಂತೆ ಬದಲಿಸುವುದುಂಟು. 1 ಮತ್ತು 3ಕ್ಕೆ ಬಿಳಿ ಉಕ್ಕಿನ ತಂತಿ, 0.18ರಿಂದ 0.20 ಮಿಲಿಮೀಟರ್, 2 ಮತ್ತು 4 ಹಳದಿ ತಂತಿಗಳು. ಬಿಳಿ ತಂತಿ ಕಡಿದರೆ ಇರಾನಿನಿಂದ ಬರುವ ತನಕ ಕಾಯಬೇಕಿಲ್ಲ. ಸಿತಾರಿನ ತರಫಿಗೆ (ತಾನಾಗಿ ಅನುರಣಿಸುವ ತಂತಿಗಳಿಗೆ) ಹಾಕುವ ಸಣ್ಣ ಉಕ್ಕಿನ ತಂತಿಯನ್ನು ಮೈಕ್ರೊಮೀಟರಿನಲ್ಲಿ ಅಳೆಸಿ 0.20 ಇರುವುದನ್ನು ತಂದರೆ ನಡೆಯುತ್ತದೆ. ಸಿತಾರಿನ ಬಾಜ್, ಅಂದರೆ ನುಡಿಸುವ ಮುಖ್ಯ ತಂತಿ ಮಾತ್ರ ಹಾಕಬೇಡಿ. ಅದು 0.30ರ ಆಸುಪಾಸು; ಆ ಎಳೆತಕ್ಕೆ ಮುಖದ ಹಲಗೆ ಕೆಲವೇ ವಾರಗಳಲ್ಲಿ ಒಳಗೆ ಕುಸಿಯುತ್ತದೆ.

ರಿಪೇರಿಗೆ ಪುಣೆಯವರು ಸಿತಾರ್ ಮಾಡುವವರ ಊರಾದ ಮಿರಜಕ್ಕೆ ಹೋಗುವುದು ಸಹಜ, ಅಲ್ಲಿಯ ಕೈಗಳು ಚೊಕ್ಕವೂ ಹೌದು. ಬಿರಡೆ ಕೆತ್ತಿಸಿ, ಬಿಟ್ಟುಹೋದ ಅಂಟು ಹಾಕಿಸಿ. ಕುದುರೆಯನ್ನು ಮಾತ್ರ ಮುಟ್ಟಬೇಡಿ ಎಂದು ಮೊದಲೇ ಹೇಳಿಬಿಡಿ. ಕುದುರೆ ಕಂಡ ಕೂಡಲೇ ಜವಾರಿ ಬಿಡಿಸುವುದು, ಅಂದರೆ ಝೇಂಕಾರ ಬರುವಂತೆ ಅದನ್ನು ತೀಡುವುದು, ಅಲ್ಲಿಯವರ ಅಭ್ಯಾಸ. ಸೆತಾರಿನ ಕುದುರೆಗೆ ಚೂಪು ಅಂಚೇ ಇರಬೇಕು, ತಂತಿ ಒಂದೇ ಬಿಂದುವಿನಲ್ಲಿ ಕೂರಬೇಕು. ಅಗಲಿಸಿ ತೀಡಿದರೆ ಝೇಂಕಾರ ಬಂದು ಸಣ್ಣ ಸ್ವರಾಂತರಗಳೆಲ್ಲ ಮಸುಕಾಗುತ್ತವೆ.

ಮೆಟ್ಟುಗಳು ಹಿಂದೆ ಕರುಳಿನವು, ಈಗ ನೈಲಾನಿನವು. ಮುಖ್ಯ ಮೆಟ್ಟಿಗೆ ನಾಲ್ಕು ಸುತ್ತು, ನಡುವಿನ ಸಣ್ಣ ಮೆಟ್ಟಿಗೆ ಮೂರು ಸುತ್ತು. ಜಾರಿಸಿ ಸರಿಪಡಿಸಬಹುದಾದ್ದರಿಂದ ಅಳತೆ ಗೊತ್ತಿದ್ದರೆ ಒಳ್ಳೆಯದು. ತಲೆಯ ಕಡೆಯ ಎಲುಬಿನ ಪಟ್ಟಿಯಿಂದ ಕುದುರೆಯವರೆಗೆ 66 ಸೆಂಟಿಮೀಟರ್ ಇರುವ ಸೆತಾರಿನಲ್ಲಿ, ಎಲುಬಿನಿಂದ ಕೋಮಲ ರೇ 3.3, ಕೊರೋನ್ ರೇ (ಕೋಮಲಕ್ಕೂ ಶುದ್ಧಕ್ಕೂ ನಡುವಿನದು, ಮುಂದೆ ಹೇಳಿದೆ) 5.1, ಶುದ್ಧ ರೇ 7.3, ಕೊರೋನ್ ಗ 11.8, ಮ 16.5, ಪ ಸರಿಯಾಗಿ 22 ಸೆಂಟಿಮೀಟರ್ ದೂರದಲ್ಲಿ ಬರುತ್ತವೆ. ಬೆರಳೊತ್ತಿದಾಗ ಶ್ರುತಿ ಕೂದಲೆಳೆಯಷ್ಟು ಏರುತ್ತದೆ, ಆದ್ದರಿಂದ ಲೆಕ್ಕಕ್ಕಿಂತ ಒಂದು ಮಿಲಿಮೀಟರಿನಷ್ಟು ತಲೆಯ ಕಡೆಗೇ ಕಟ್ಟಿ. ಆಮೇಲೆ ಕಿವಿಯಿಂದ ತಿದ್ದಿ. ವಾದ್ಯ 64 ಅಥವಾ 68 ಸೆಂಟಿಮೀಟರಿನದಾದರೆ ಅದೇ ಅನುಪಾತದಲ್ಲಿ ಕಡಿಮೆ, ಹೆಚ್ಚು ಮಾಡಿಕೊಳ್ಳಿ.

ನುಡಿಸುವುದು ಬಲಗೈ ತೋರುಬೆರಳಿನ ಉಗುರಿನಿಂದ. ಬೆರಳ ತುದಿಯಿಂದ ಎರಡು ಮೂರು ಮಿಲಿಮೀಟರ್ ಮುಂದೆ ಬಂದಿರಬೇಕು. ಸಿತಾರಿನವರು ಬೆರಳಿಗೆ ಲೋಹದ ಮಿಜ್ರಾಬ್ ಹಾಕಿಕೊಂಡು ನುಡಿಸಿದರೆ ಸದ್ದು ಲೋಹದಂತಾಗಿ, ರೀಜ್ ಬರುವುದೇ ಇಲ್ಲ. ರೀಜ್ ಅಂದರೆ ಉಗುರಿನ ಎರಡೂ ಬದಿಯಿಂದ ಸಮನಾಗಿ, ಎಡೆಬಿಡದೆ ಮೀಟುವುದು. ಉದ್ದ ಸ್ವರವನ್ನು ಇದರಿಂದಲೇ ಉಳಿಸಿಕೊಳ್ಳಬೇಕು. ಮೊದಲ ವಾರಗಳಲ್ಲಿ ದಿನಾ ಹತ್ತು ನಿಮಿಷ ತೆರೆದ ತಂತಿಯ ಮೇಲೆ ಹೋಗುವ ಮೀಟು, ಬರುವ ಮೀಟು ಎರಡೂ ಒಂದೇ ಗಾತ್ರದಲ್ಲಿ ಕೇಳುವಂತೆ ಸಾಧಿಸಿ. ಬರುವ ಮೀಟು ಸಣ್ಣಗೆ ಕೇಳಿದರೆ ಉಗುರಿನ ಒಂದು ಬದಿ ತಗ್ಗಾಗಿದೆ ಎಂದರ್ಥ, ಅರದಿಂದ ತಿದ್ದಿ. ಎಡಗೈಯಲ್ಲಿ ತಂತಿಯನ್ನು ಅಡ್ಡ ಎಳೆಯಬೇಡಿ. ಮೀಂಡ್ ಎಳೆದರೆ 0.18ರ ತಂತಿ ಕಡಿಯುತ್ತದೆ, ಅದಕ್ಕಿಂತ ಮುಂಚೆ ಮೆಟ್ಟೇ ಜಾರಿರುತ್ತದೆ.

ಕೊರೋನ್ ಎಂಬ ನಡುವಿನ ಸ್ವರ

ಶುದ್ಧ ಮತ್ತು ಕೋಮಲಗಳ ನಡುವೆ ನಿಲ್ಲುವ ಸ್ವರಕ್ಕೆ ಕೊರೋನ್ ಎನ್ನುತ್ತಾರೆ. ಸ್ವಲ್ಪ ಏರಿಸಿದ್ದಕ್ಕೆ ಸೋರಿ. ಸ್ವರಲಿಪಿಯಲ್ಲಿ ಈ ಗುರುತುಗಳನ್ನು ತಂದವರು ಅಲಿ–ನಕಿ ವಜೀರಿ (1887–1979). ಅವರು ಸಪ್ತಕವನ್ನು 24 ಸಮಭಾಗ ಮಾಡಿದರು. ನುಡಿಸುವವರು ಆ ಸಮಭಾಗಕ್ಕೆ ಕಟ್ಟುಬಿದ್ದಿಲ್ಲ. ನಮ್ಮ ಕೋಮಲ ರೇ ಸಾ ಮೇಲೆ ಸುಮಾರು 90ರಿಂದ 112 ಸೆಂಟ್ (ಒಂದು ಸಪ್ತಕಕ್ಕೆ 1200 ಸೆಂಟ್), ಶುದ್ಧ ರೇ 204; ಕೊರೋನ್ ರೇ 135ರಿಂದ 145ರ ಆಸುಪಾಸಿನಲ್ಲಿ ಬೀಳುತ್ತದೆ. ಹಾಗಾಗಿ 24 ಭಾಗದ ಲೆಕ್ಕದ 150 ಹಿಡಿದರೆ ತುಸು ಏರಿಕೆಯಾದಂತೆ ಕೇಳುತ್ತದೆ.

ಹಾರ್ಮೋನಿಯಂ ಇದಕ್ಕೆ ಕೆಲಸಕ್ಕೆ ಬಾರದು. ಫೋನಿನಲ್ಲಿ ಸೆಂಟ್ ತೋರಿಸುವ ಟ್ಯೂನರ್ ಸಾಕು. ಮೊದಲು ಸಾ ಮೇಲೆ 140 ಸೆಂಟ್‌ಗೆ ಮೆಟ್ಟನ್ನು ನಿಲ್ಲಿಸಿ, ಸಾ–ರೇ–ಸಾ ಎಂದು ನಿಧಾನವಾಗಿ ನುಡಿಸುತ್ತ ಬಾಯಲ್ಲೂ ಹಾಡಿ. ಎರಡು ವಾರದ ಮೇಲೆ ಟ್ಯೂನರ್ ಮುಚ್ಚಿ. ಆಮೇಲೆ ಉಸ್ತಾದರ ರೆಕಾರ್ಡಿಂಗ್‌ಗೆ ಹೊಂದಿಸಿ, ಅವರದು ಐದು ಸೆಂಟ್ ಮೇಲೋ ಕೆಳಗೋ ಇದ್ದರೆ ಅದೇ ಸರಿ. ಹಾಡುವಾಗ ಕಿವಿ ಕೊರೋನನ್ನು ಹಳೆಯ ಜಾಗಕ್ಕೆ ಎಳೆಯುತ್ತದೆ: ಚಹಾರ್‌ಗಾಹ್‌ನಲ್ಲಿ ರೇ, ಧ ಎರಡೂ ಕೊರೋನ್, ಹಿಂದೂಸ್ತಾನಿಯವರ ಬಾಯಲ್ಲಿ ಅದು ಭೈರವಕ್ಕೆ, ಕರ್ನಾಟಕ ಸಂಗೀತದವರ ಬಾಯಲ್ಲಿ ಮಾಯಾಮಾಳವಗೌಳಕ್ಕೆ ಜಾರುತ್ತದೆ. ಎಸ್ಫಹಾನ್ ಕೀರವಾಣಿಗೆ, ಹೊಮಾಯೂನ್ ಬಸಂತ್ ಮುಖಾರಿಗೆ, ಶೂರ್ ಭೈರವಿಗೆ ಜಾರುವುದೂ ಹೀಗೆಯೇ. ಈ ಹೋಲಿಕೆಗಳನ್ನು ಎಚ್ಚರಿಕೆಯ ಫಲಕವಾಗಿ ಇಟ್ಟುಕೊಳ್ಳಿ, ದಾರಿಯಾಗಿ ಬೇಡ.

ಸೆಗಾಹ್ ಮಾತ್ರ ಯಾವುದಕ್ಕೂ ಜಾರುವುದಿಲ್ಲ, ಏಕೆಂದರೆ ಅಲ್ಲಿ ನೆಲೆಯ ಸ್ವರವೇ ಕೊರೋನ್ ಗ. ತಾನ್‌ಪುರಾ ಹಚ್ಚಿಕೊಂಡು ಸೆಗಾಹ್ ಹಾಡಲು ಕೂತರೆ ಏನಾಗುತ್ತದೆ ಎಂದು ಒಮ್ಮೆ ಕೇಳಿ ನೋಡಿ: ಪ್ರತಿ ನ್ಯಾಸವೂ ಶ್ರುತಿಯೊಡನೆ ಜಗಳವಾಡುತ್ತದೆ. ಗೂಶೆಯಿಂದ ಗೂಶೆಗೆ ನೆಲೆ ಬದಲಾಗುವ ಸಂಗೀತಕ್ಕೆ ಅಚಲ ಸಾ ಅಡ್ಡಿಯೇ. ತಾನ್‌ಪುರಾ ಆ್ಯಪ್ ಬಂದ್ ಮಾಡಿ. ಮೊದಲಿಗೆ ನೆಲ ಜಾರಿದಂತಾಗುತ್ತದೆ. ಶಾಹೆದ್ ಮೇಲೆ ಗಮನವಿಟ್ಟರೆ ಕೆಲವು ವಾರಗಳಲ್ಲಿ ನಿಲ್ಲುತ್ತದೆ.

ಗೋವಾದ ಸಂಗೀತಗಾರರಿಗೆ ಇಲ್ಲೊಂದು ಅನುಕೂಲವಿದೆ. ಪಾಶ್ಚಾತ್ಯ ಸ್ವರಲಿಪಿ ಓದಲು ಬರುವವರು ಅಲ್ಲಿ ಬೇಕಾದಷ್ಟು ಮಂದಿ. ಅಚ್ಚಾದ ರದೀಫ್‌ಗಳೆಲ್ಲ ಅದೇ ಐದು ಗೆರೆಯಲ್ಲಿವೆ, ಎರಡು ಗುರುತು ಹೆಚ್ಚಿಗೆ ಕಲಿತರೆ ಆಯಿತು. ನಮ್ಮ ಸರಿಗಮದಲ್ಲಿ ಬರೆದುಕೊಳ್ಳುವವರು ರೇ ಪಕ್ಕಕ್ಕೆ ಒಂದು ಗೀಟು ಹಾಕಿ ಕೊರೋನ್ ಎಂದು ಗುರುತಿಟ್ಟುಕೊಳ್ಳಿ.

ಗೂಶೆ ಬಾಯಿಪಾಠ

ಹಳೆಯ ಪದ್ಧತಿಯಲ್ಲಿ ಶೂರ್‌ನಿಂದ ಆರಂಭಿಸುವವರೇ ಹೆಚ್ಚು. ಹಿಂದೂಸ್ತಾನಿಯವರು ಮಾಹೂರ್‌ನಿಂದ ಆರಂಭಿಸುವುದು ಜಾಣತನ. ಅದರ ದರಾಮದ್‌ನಲ್ಲಿ ಕೊರೋನ್ ಇಲ್ಲ. ಸ್ವರ ಗೊತ್ತಿರುವುದರಿಂದ ಗಮನವೆಲ್ಲ ಉಗುರಿಗೆ, ನುಡಿಗಟ್ಟಿಗೆ ಹೋಗುತ್ತದೆ. ಐದಾರು ತಿಂಗಳು ಮಾಹೂರ್, ಆಮೇಲೆ ಶೂರ್, ಅದರ ಬೆನ್ನಿಗೆ ದಶ್ತಿ.

ವಾರಕ್ಕೊಂದು ಚಿಕ್ಕ ಗೂಶೆ ಸಾಕು. ಮೊದಲೆರಡು ದಿನ ವಾದ್ಯ ಮುಟ್ಟದೆ ರೆಕಾರ್ಡಿಂಗ್ ಕೇಳಿ, ಬಾಯಲ್ಲಿ ಗುನುಗಿ. ಮೂರನೇ ದಿನ ಒಂದೊಂದೇ ವಾಕ್ಯ ವಾದ್ಯದಲ್ಲಿ ತನ್ನಿ. ಎಲ್ಲಿ ಉಸಿರು, ಎಲ್ಲಿ ತೆಕಿಯೆ, ಎಲ್ಲಿ ರೀಜ್ ಇದೆಯೋ ಅಲ್ಲೇ ಇರಲಿ. ತೆಕಿಯೆ ಅಂದರೆ ಮೇಲಿನ ಸ್ವರವನ್ನು ಮಿಂಚಿನಂತೆ ಮುಟ್ಟಿ ಬಿಡುವುದು, ನಮ್ಮ ಕಣ್‌ಸ್ವರದ ಹತ್ತಿರದ ನೆಂಟ. ವಾರದ ಕೊನೆಗೆ ಸ್ವರಲಿಪಿ ತೆರೆದು ಹೋಲಿಸಿ. ಲಿಪಿಯಿಂದ ಶುರು ಮಾಡಿದವರ ನುಡಿಕೆ ಎಣಿಸಿದಂತೆ ಕೇಳುತ್ತದೆ. ತಾಳವಿಲ್ಲದ ಭಾಗದಲ್ಲಿ ಸ್ವರಗಳ ಉದ್ದವನ್ನು ಯಾವ ಲಿಪಿಯೂ ಪೂರ್ತಿ ಹೇಳಲಾರದು.

ಇಲ್ಲಿ ಕಿರಾನಾ ಘರಾನೆಯಲ್ಲಿ ಕಲಿತವರಿಗೆ ಒಂದು ಪೀಡೆ ಕಾದಿರುತ್ತದೆ. ಎರಡು ಸ್ವರ ಸಿಕ್ಕರೆ ಹತ್ತು ನಿಮಿಷ ಬಢತ್ ಮಾಡುವ ಸಾಮರ್ಥ್ಯ ಅವರದು. ದಾದ್ ಗೂಶೆ ಒಂದೆರಡು ನಿಮಿಷದ್ದು, ಅದನ್ನು ಹನ್ನೆರಡಕ್ಕೆ ಹಿಗ್ಗಿಸಿದರೆ ಅದು ದಾದ್ ಆಗಿ ಉಳಿಯದು. ಬೆದಾಹೆ, ಅಂದರೆ ಸ್ವಂತ ಕಲ್ಪನೆ, ಈ ಸಂಗೀತದಲ್ಲಿ ಖಂಡಿತ ಇದೆ, ದೊಡ್ಡವರು ಕಛೇರಿಯಲ್ಲಿ ಮಾಡುವುದೂ ಅದನ್ನೇ. ಆದರೆ ಅದು ನೂರಾರು ಗೂಶೆ ನಾಲಿಗೆಯ ಮೇಲಿದ್ದವರು ಆಡುವ ಮಾತು. ಒಂದು ದಸ್ತ್‌ಗಾಹ್ ಪೂರ್ತಿ ಬಾಯಿಪಾಠ ಆಗುವವರೆಗೆ ಒಂದು ಸ್ವರವನ್ನೂ ಬದಲಿಸದಿರುವುದೇ ನಿಯಮ ಎಂದಿಟ್ಟುಕೊಳ್ಳಿ.

ಕೇಳ್ಮೆಗೆ ಗೊಲ್ಹಾ ಸಂಗ್ರಹ ಒಂದೇ ಸಾಕು. 1956ರಿಂದ 1979ರವರೆಗೆ ಇರಾನ್ ರೇಡಿಯೊದಲ್ಲಿ ಬಂದ ಕಾವ್ಯ–ಸಂಗೀತದ ಈ ಕಾರ್ಯಕ್ರಮಗಳು ಈಗ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಗಾಯಕರು, ಕವಿ, ದಸ್ತ್‌ಗಾಹ್ ಹೀಗೆ ಬೇಕಾದ್ದನ್ನು ಹುಡುಕಬಹುದು. ಬನಾನ್ ಅವರ ಆವಾಜ್ (ಇಲ್ಲಿಂದ ಮುಂದೆ ಆವಾಜ್ ಅಂದರೆ ತಾಳವಿಲ್ಲದ ಗಾಯನ, ಮೇಲೆ ಹೇಳಿದ ಐದು ಕವಲುಗಳಲ್ಲ), ಮಿರ್ಜಾ ಅಬ್ದೊಲ್ಲಾರ ಮಗ ಅಹ್ಮದ್ ಎಬಾದಿ ಅವರ ಸೆತಾರ್, ಪಾಯ್ವರ್ ಅವರ ಸಂತೂರ್, ಶಜರಿಯಾನ್ (1940–2020) ಅವರ ಗಾಯನ ಇವು ಮೊದಲ ವರ್ಷದ ಊಟ. ಕೈಹಾನ್ ಕಲ್ಹೋರ್ ಕಮಾನ್‌ಚೆ ಮತ್ತು ಶುಜಾತ್ ಖಾನ್ ಸಿತಾರ್ ಜತೆಗೂಡಿ ನುಡಿಸಿದ್ದನ್ನು ನಮ್ಮವರು ಮೊದಲು ಹುಡುಕುತ್ತಾರೆ. ಅದು ಎರಡು ಸಂಗೀತಗಳು ಕೂತು ಮಾತಾಡಿದ್ದು. ಕೇಳಲು ಸುಖ, ಪಾಠಕ್ಕೆ ಅಲ್ಲ.

ಕಾವ್ಯ: ಲಘು–ಗುರು ಬಲ್ಲವರಿಗೆ ಅರ್ಧ ದಾರಿ ಸವೆದಿದೆ

ಇರಾನಿ ಸಂಗೀತದಲ್ಲಿ ತಾಳವಿಲ್ಲದ ಆವಾಜ್‌ನ ನಡಿಗೆಯನ್ನು ನಿರ್ಧರಿಸುವುದು ಪದ್ಯದ ಛಂದಸ್ಸು. ವಾದ್ಯ ಮಾತ್ರ ಕಲಿಯುವವರೂ ಇದನ್ನು ಬಿಡುವಂತಿಲ್ಲ. ಕನ್ನಡ ಶಾಲೆಯಲ್ಲಿ ಗಣ ಹಾಕಿದವರಿಗೆ ಇಲ್ಲಿ ಹೆಚ್ಚು ಹೊಸದೇನಿಲ್ಲ. ಫಾರ್ಸಿಯದೂ ಲಘು–ಗುರುಗಳ ಲೆಕ್ಕವೇ.

ಫಿರ್ದೌಸಿ 1010ರಲ್ಲಿ ಮುಗಿಸಿದ ಶಾಹ್‌ನಾಮೆಯ ಮೊದಲ ಸಾಲು ನೋಡಿ: ಬೆ ನಾಮೆ ಖೊದಾವಂದೆ ಜಾನೊ ಖೆರದ್. ಬಿಡಿಸಿದರೆ: ಬೆ–ನಾ–ಮೆ | ಖೊ–ದಾ–ವನ್ | ದೆ–ಜಾ–ನೊ | ಖೆ–ರದ್. ಅಂದರೆ ಲ–ಗು–ಗು ಮೂರು ಸಲ, ಕೊನೆಗೆ ಲ–ಗು. ಯಗಣ ನಾಲ್ಕು ಬಂದರೆ ನಮ್ಮ ಭುಜಂಗಪ್ರಯಾತ. ಅದರ ಕೊನೆಯ ಒಂದು ಗುರು ಕಳೆದರೆ ಶಾಹ್‌ನಾಮೆಯ ಛಂದಸ್ಸು. ಇದೇ ಸಾಲಿನಲ್ಲಿ ಇನ್ನೊಂದು ಪಾಠವಿದೆ. 'ನಾಮೆ'ಯಲ್ಲಿನ ಕೊನೆಯ ಎ ಮತ್ತು 'ಖೊದಾವಂದೆ'ಯ ಕೊನೆಯ ಎ ಎರಡೂ ಒಂದೇ ಪ್ರತ್ಯಯ, ಪದಕ್ಕೆ ಪದ ಜೋಡಿಸುವ ಎಜಾಫೆ. ಮೊದಲನೆಯದು ಗುರುವಾಗಿದೆ, ಎರಡನೆಯದು ಲಘು. ಎಜಾಫೆ, ಮತ್ತು ಎಂಬರ್ಥದ ಒ, ಇವೆರಡನ್ನೂ ಕವಿ ಅಗತ್ಯಕ್ಕೆ ತಕ್ಕಂತೆ ಎಳೆಯಬಹುದು. ಇದು ಗೊತ್ತಿಲ್ಲದವರು ಗಣ ಹಾಕಿ, ಕವಿಯೇ ಎಡವಿದ್ದಾನೆ ಅಂದುಕೊಳ್ಳುತ್ತಾರೆ.

ನಮ್ಮಲ್ಲಿಲ್ಲದ ನಿಯಮ ಒಂದು: ದೀರ್ಘ ಸ್ವರದ ಮುಂದೆ ವ್ಯಂಜನ ಬಂದು ನಿಂತರೆ, ಉದಾಹರಣೆಗೆ ಬಾದ್, ಯಾರ್, ಅದು ಬರೀ ಗುರುವಲ್ಲ, ಗುರು ಮತ್ತು ಲಘು ಎರಡರ ತೂಕ. ದೂಸ್ತ್ ಎಂಬುದೂ ಅಷ್ಟೇ. ಆದರೆ ಆ ವ್ಯಂಜನ ನ್ ಆದರೆ ಲೆಕ್ಕಕ್ಕಿಲ್ಲ. ಜಾನ್, ಚೂನ್, ಈನ್ ಬರೀ ಗುರು. ಸಾಲಿನ ಕೊನೆಯಲ್ಲಿ ಹೆಚ್ಚಿನ ತೂಕವೆಲ್ಲ ಬಿದ್ದುಹೋಗಿ ಗುರುವಾಗಿ ಉಳಿಯುತ್ತದೆ.

ಕವಿ ಹಾಫೆಜ್ ಮತ್ತೆ ಮತ್ತೆ ಬಳಸುವ ಒಂದು ಛಂದಸ್ಸು ಲ–ಗು–ಲ–ಗು | ಲ–ಲ–ಗು–ಗು | ಲ–ಗು–ಲ–ಗು | ಲ–ಲ–ಗು. ಕೆರೆಶ್ಮೆ ಎಂಬ ಗೂಶೆ ಹೆಚ್ಚು ಕಡಿಮೆ ಎಲ್ಲ ದಸ್ತ್‌ಗಾಹ್‌ಗಳಲ್ಲೂ ಬರುತ್ತದೆ, ಅದರ ಲಯ ಈ ಛಂದಸ್ಸೇ. ಮೊದಲ ಎಂಟು ಅಕ್ಷರಕ್ಕೆ 12 ಮಾತ್ರೆ. 12 ಎಂದ ಕೂಡಲೇ ಏಕತಾಲದಲ್ಲಿ ಕೂರಿಸಬೇಡಿ. ಅದು ನಡೆಯುವುದು 3, 3, 2, 2, 2 ಎಂದು. ಚಪ್ಪಾಳೆ ಹಾಗೆಯೇ ತಟ್ಟಿ ಅಭ್ಯಾಸ ಮಾಡಿ. ಇದು ಬಂದರೆ ಕೆರೆಶ್ಮೆ ಒಂದೇ ದಿನದಲ್ಲಿ ಕೈಗೆ ಹತ್ತುತ್ತದೆ. ಮೌಲಾನಾ ರೂಮಿಯ ಮಸ್ನವಿಯ ಛಂದಸ್ಸು ಗು–ಲ–ಗು–ಗು ಎರಡು ಸಲ, ಕೊನೆಗೆ ಗು–ಲ–ಗು. ಅದಕ್ಕೆ ಮಸ್ನವಿ ಹೆಸರಿನ ಗೂಶೆಯೇ ಇದೆ. ಬಾಬಾ ತಾಹೆರ್‌ನ ದೊಬೇಯ್ತಿ ಎಂಬ ನಾಲ್ಕು ಸಾಲಿನ ಪದ್ಯಗಳಿಗೆ ದಶ್ತಿ.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ನಮಗೆ ಸಿಕ್ಕ ವರ. ಫಾರ್ಸಿಯ ಹ್ರಸ್ವ ಎ, ಹ್ರಸ್ವ ಒ ದೇವನಾಗರಿಯಲ್ಲಿ ಬರೆಯಲು ಮರಾಠಿ ಗೆಳೆಯರು ಪರದಾಡುತ್ತಾರೆ; ನಮ್ಮಲ್ಲಿ ಎ–ಏ, ಒ–ಓ ಬೇರೆಬೇರೆಯಾಗಿಯೇ ಇವೆ. ಗಂಟಲಿನ ಖ, ಗ, ಮತ್ತು ಜ, ಫ ಗಳ ಕೆಳಗೆ ಚುಕ್ಕಿ ಇಟ್ಟುಕೊಳ್ಳಿ. ಉರ್ದು ಗಜಲ್ ಹಾಡಿದವರು ಮಾತ್ರ ನಾಲಿಗೆ ತಿದ್ದಿಕೊಳ್ಳಬೇಕು: ದಿಲ್ ಅಲ್ಲಿ ದೆಲ್, ಗುಲ್ ಅಲ್ಲಿ ಗೋಲ್ ಅಲ್ಲ, ಹ್ರಸ್ವದ ಗೊಲ್, ಖಾನಾ ಅಲ್ಲಿ ಖಾನೆ. ದೀರ್ಘ ಆ ತುಟಿ ಸ್ವಲ್ಪ ದುಂಡಗಾಗಿ ಬರುತ್ತದೆ.

ಪದ್ಯ ಹುಡುಕಲು ಗಂಜೂರ್ ಎಂಬ ತಾಣವಿದೆ. ಹಾಫೆಜ್, ಸಾದಿ, ಮೌಲಾನಾ ಎಲ್ಲ ಅಲ್ಲಿ ಸಿಗುತ್ತಾರೆ, ಬಹಳಷ್ಟು ಪದ್ಯಗಳಿಗೆ ಛಂದಸ್ಸಿನ ಹೆಸರು ಮತ್ತು ವಾಚನದ ಧ್ವನಿಯೂ ಜತೆಗಿವೆ. ಒಂದು ಗಜಲಿನಿಂದ ಐದು ದ್ವಿಪದಿ ಆರಿಸಿ ಬರೆದುಕೊಳ್ಳಿ, ಲ–ಗು ಗುರುತು ಹಾಕಿ, ಮಾತ್ರೆ ತಟ್ಟುತ್ತ ಓದಿ, ಆಮೇಲೆ ಮಾತಾಡಿದಂತೆ ಓದಿ, ಕೊನೆಗೆ ಸ್ವರ ಸೇರಿಸಿ. ಆವಾಜ್‌ನಲ್ಲಿ ಗುರುವನ್ನು ಎಷ್ಟು ಬೇಕಾದರೂ ಎಳೆಯಬಹುದು. ಲಘುವನ್ನು ಎಳೆದರೆ ಇರಾನಿನವರಿಗೆ ಮಾತೇ ಗೊತ್ತಾಗುವುದಿಲ್ಲ.

ಹಾಡುವವರಿಗೆ: ತಹ್ರೀರ್

ಸಾಲನ್ನು ಮೊದಲು ಸ್ಪಷ್ಟವಾಗಿ ಹೇಳಿ ಮುಗಿಸಬೇಕು, ಆಮೇಲೆ ಕೊನೆಯ ದೀರ್ಘ ಸ್ವರದ ಮೇಲೆ ತಹ್ರೀರ್. ಖಯಾಲಿನಂತೆ ಶಬ್ದವನ್ನು ನಡುವೆ ಮುರಿದು ತಾನ್ ಬಿಡುವುದು ಇಲ್ಲಿ ಸಲ್ಲದು. ತಹ್ರೀರಿನಲ್ಲಿ ಮೂಲ ಸ್ವರ ಎದೆಯ ದನಿಯಲ್ಲಿ ನಿಂತಿರುತ್ತದೆ, ಮೇಲಿನ ಸ್ವರ ತಲೆಯ ದನಿಯಲ್ಲಿ ಚಿಟಿಕೆಯಷ್ಟು ಹೊತ್ತು ಒಡೆದು ಮರಳುತ್ತದೆ. ಗಮಕ ಹಾಕಿದರೆ ಇದು ಆಗುವುದಿಲ್ಲ, ಗಮಕದಲ್ಲಿ ಭಾರ ಕೆಳಗಿನಿಂದ ಬರುತ್ತದೆ.

ಅನುಕೂಲವಾದ ಮಧ್ಯದ ಶ್ರುತಿಯಲ್ಲಿ ಆಕಾರ ಹಿಡಿದು, ಒಂದು ಉಸಿರಿಗೆ ನಾಲ್ಕೇ ಒಡೆತ, ನಿಧಾನವಾಗಿ. ದವಡೆ ಅಲುಗಬಾರದು; ಕನ್ನಡಿ ಮುಂದೆ ಕೂತರೆ ತಿಳಿಯುತ್ತದೆ. ವೇಗ ತಾನಾಗಿ ಬರಲಿ. ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ಗಂಟಲು ಉರಿದರೆ ಅಂದಿಗೆ ಸಾಕು. ಒತ್ತಿ ಮಾಡಿದ ತಹ್ರೀರ್ ಖಯಾಲಿನ ದನಿಯನ್ನೂ ಕೆಡಿಸುತ್ತದೆ.

ಗುರುಗಳು, ಪುಸ್ತಕ, ಬಾಯಿ ತಿದ್ದುವವರು

ಪಾಠ ಬಹುಮಟ್ಟಿಗೆ ಆನ್‌ಲೈನ್ ಆಗುತ್ತದೆ. ಇರಾನ್ ನಮಗಿಂತ ಎರಡು ಗಂಟೆ ಹಿಂದೆ. 2022ರಲ್ಲಿ ಬೇಸಿಗೆ ಸಮಯ ರದ್ದಾದ ಮೇಲೆ ವರ್ಷವಿಡೀ ಅಷ್ಟೇ. ಟೆಹರಾನಿನ ಸಂಜೆ ಏಳು, ನಮ್ಮ ರಾತ್ರಿ ಒಂಬತ್ತು. ಅಲ್ಲಿ ಶುಕ್ರವಾರ ರಜೆ. ಶುಲ್ಕ ಕಳಿಸುವುದೇ ತಲೆನೋವು, ನಮ್ಮ ಸಾಮಾನ್ಯ ಕಾರ್ಡುಗಳು ಇರಾನಿನಲ್ಲಿ ನಡೆಯುವುದಿಲ್ಲ. ಯುರೋಪ್, ಕೆನಡಾದಲ್ಲಿ ನೆಲೆಸಿದ ಇರಾನಿ ಉಸ್ತಾದರಾದರೆ ಈ ತೊಡಕಿಲ್ಲ, ಸಮಯ ಮಾತ್ರ ಹೊಂದಿಸಿಕೊಳ್ಳಬೇಕು. ಪಾಠಕ್ಕೆ ಮುಂಚೆ ವಿಡಿಯೊ ಆ್ಯಪಿನಲ್ಲಿ ಹಿನ್ನೆಲೆ ಗದ್ದಲ ತಗ್ಗಿಸುವ ಸೆಟ್ಟಿಂಗ್ ಬಂದ್ ಮಾಡಿ. ಇಲ್ಲದಿದ್ದರೆ ಅದು ಸೆತಾರಿನ ರೀಜನ್ನೇ ಗದ್ದಲವೆಂದು ತಿಳಿದು ಅಳಿಸಿಹಾಕುತ್ತದೆ.

ಉಚ್ಚಾರಣೆ ತಿದ್ದಿಸಿಕೊಳ್ಳಲು ಪುಣೆ ಒಳ್ಳೆಯ ಜಾಗ, ಇರಾನಿನಿಂದ ಓದಲು ಬರುವ ವಿದ್ಯಾರ್ಥಿಗಳು ದಶಕಗಳಿಂದ ಅಲ್ಲಿದ್ದಾರೆ. ಮುಂಬೈಯವರು ಇರಾನಿ ಹೋಟೆಲಿನ ಸೇಠ್‌ಗಳನ್ನು ನಂಬಿ ಕೂರಬೇಡಿ. ಬನ್ ಮಸ್ಕಾ ಖಂಡಿತ ಸಿಗುತ್ತದೆ, ಫಾರ್ಸಿ ಸಿಗುವುದು ಅದೃಷ್ಟ. ಎಷ್ಟೋ ಮನೆಗಳಲ್ಲಿ ಗುಜರಾತಿ ನೆಲೆಸಿ ತಲೆಮಾರುಗಳಾಗಿವೆ. ಕೋಟೆ ಪ್ರದೇಶದ ಕೆ. ಆರ್. ಕಾಮಾ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ (1916) ಗ್ರಂಥಾಲಯದಲ್ಲಿ ಇರಾನಿನ ಭಾಷೆ, ಸಾಹಿತ್ಯದ ಪುಸ್ತಕಗಳು ಧಾರಾಳ. ಕಾವ್ಯದ ಹಿನ್ನೆಲೆ ಓದಲು ಒಂದು ಮಧ್ಯಾಹ್ನ ಅಲ್ಲಿ ಕಳೆಯಬಹುದು.

ಮೊದಲ ಸಣ್ಣ ಬೈಠಕ್

ವರ್ಷದ ಮೇಲೆ, ಮಾಹೂರ್ ಕೈಗೆ ಬಂದಿದ್ದರೆ, ಮಾಟುಂಗದ ಮೈಸೂರು ಅಸೋಸಿಯೇಷನ್ನಿನಂಥ ಸಭೆಯಲ್ಲೋ ಪುಣೆಯ ಯಾರದಾದರೂ ಮನೆಯಲ್ಲೋ ಹದಿನೈದು ನಿಮಿಷ ನುಡಿಸಬಹುದು. ರೂಢಿಯ ಕ್ರಮ ಹೀಗೆ: ಪೀಶ್‌ದರಾಮದ್ ಎಂಬ ನಿಧಾನ ಲಯದ ಆರಂಭಕೃತಿ, ವೇಗದ ಚಹಾರ್‌ಮೆಜ್ರಾಬ್, ಆಮೇಲೆ ತಾಳವಿಲ್ಲದ ಸಾಜ್–ಒ–ಆವಾಜ್, ತಸ್ನೀಫ್ ಎಂಬ ತಾಳಬದ್ಧ ಹಾಡು, ಕೊನೆಗೆ ಕುಣಿತದ ಲಯದ ರೆಂಗ್. ಪೀಶ್‌ದರಾಮದ್ ಮತ್ತು ರೆಂಗ್‌ಗಳಿಗೆ ಇಂದಿನ ರೂಪ ಕೊಟ್ಟವರಲ್ಲಿ ದರ್ವೀಶ್ ಖಾನ್ (1872–1926) ಪ್ರಮುಖರು. ಹೊಸಬರಿಗೆ ಅವರ ಕೃತಿಗಳೇ ತಕ್ಕವು. ಹದಿನೈದು ನಿಮಿಷದಲ್ಲಿ ಐದೂ ತುರುಕಬೇಡಿ. ಚಹಾರ್‌ಮೆಜ್ರಾಬ್ ಬಿಡಿ, ಆವಾಜ್‌ಗೆ ಏಳು ನಿಮಿಷವಾದರೂ ಕೊಡಿ: ದರಾಮದ್, ಕೆರೆಶ್ಮೆ, ದಾದ್, ದೆಲ್ಕಶ್, ಅಲ್ಲಿಂದ ಫೊರೂದ್. ದೆಲ್ಕಶ್‌ನಲ್ಲಿ ಸ್ವರಗಳೇ ಬದಲಾಗಿ ಶೂರ್‌ನ ಛಾಯೆ ಬರುತ್ತದೆ, ಕೇಳುಗರು ತಲೆಯೆತ್ತುವುದು ಅಲ್ಲೇ.

ಸೆತಾರ್ ನುಡಿಸುವವರು ಹಾಡುವವರ ಜತೆ ಕೂತಾಗ ಹಾರ್ಮೋನಿಯಂ ಸಾಥಿನಂತೆ ಬೆನ್ನು ಹತ್ತಿ ಹೋಗಬೇಡಿ. ಅವರು ಸಾಲು ಮುಗಿಸುವವರೆಗೆ ಕಾದು, ಅದೇ ವಾಕ್ಯವನ್ನು ವಾದ್ಯದಲ್ಲಿ ಮರಳಿಸಿ. ಜವಾಬೆ ಆವಾಜ್ ಎಂದರೆ ಇದೇ.

ತೊಂಬಕ್ ಎಂಬ ಇರಾನಿ ಚರ್ಮವಾದ್ಯ ಸಿಗದೆ ತಬಲಾ ಕೂರಿಸುವುದಾದರೆ ತಬಲಾದವರಿಗೆ ಎರಡು ಮಾತು ಹೇಳಿ. ಡಗ್ಗಾ ಒತ್ತಿ ಜಾರಿಸುವುದು ಬೇಡ, ಮತ್ತು ಬಲಗೈಯ ದಾಯಾಂ ಅನ್ನು ಸಾ ಸ್ವರಕ್ಕೆ ಕೂಡಿಸಬೇಡಿ, ಪ ಇರಲಿ. ನೆಲೆ ಬದಲಾದಾಗ ಕಿವಿಗೆ ಚುಚ್ಚುವುದು ಕಡಿಮೆಯಾಗುತ್ತದೆ. ಆವಾಜ್ ನಡೆಯುವಾಗ ಅವರು ಕೈ ಕಟ್ಟಿ ಕೂರಬೇಕು. ಸ್ಪೀಕರ್ ವ್ಯವಸ್ಥೆಯವರಿಗೂ ಮೊದಲೇ ತಿಳಿಸಿ: ಮೈಕು ಕೊಡದ ಕೆಳಭಾಗಕ್ಕೆ ಒಂದು ಗೇಣು ದೂರ, ಪ್ರತಿಧ್ವನಿಯ ಪರಿಣಾಮ ಪೂರ್ತಿ ಬಂದ್.